ಐದನೇ ನಡೆಯಲ್ಲಿ ಕುದುರೆ ಎಲ್ಲಿಗೆ ಹೋಗಬೇಕು?

ಕಲಬುರಗಿಯ ಒಂದು ಚೆಸ್ ಕ್ಲಬ್ ಟೂರ್ನಿಯ ಆಟ ಇದು. 15 ನಿಮಿಷದ ರ‍್ಯಾಪಿಡ್. ಹೊರಗೆ ಉರಿಬಿಸಿಲು, ಒಳಗೆ ಕೂಲರ್ ಸದ್ದು. ಬಿಳಿ ಹಿಡಿದ ಹುಡುಗ ಫ್ರೈಡ್ ಲಿವರ್ ದಾಳಿಗೆ ಇಳಿದ, ಅಂದರೆ ಎಫ್7ರಲ್ಲಿ ಕುದುರೆ ಬಲಿಕೊಟ್ಟು ಕಪ್ಪು ರಾಜನನ್ನು ಹೊರಗೆಳೆಯುವ ಆಟ. ಬೋರ್ಡ್ ಮುಂದಿಟ್ಟುಕೊಂಡು ಓದಿ.

1. ಇ4, ಇ5 2. ಕುದುರೆ ಎಫ್3, ಕುದುರೆ ಸಿ6 3. ಒಂಟೆ ಸಿ4, ಕುದುರೆ ಎಫ್6 4. ಕುದುರೆ ಜಿ5

ಒಂಟೆ, ಕುದುರೆ ಎರಡರ ಕಣ್ಣೂ ಎಫ್7 ಮೇಲೆ. ಆ ಮನೆಗೆ ರಾಜನೊಬ್ಬನದೇ ಕಾವಲು. ಕಪ್ಪು ಡಿ5 ಆಡಿ ಒಂಟೆಯ ದಾರಿ ಮುಚ್ಚಿತು. ಇಲ್ಲಿಯವರೆಗೆ ಸರಿ. 5. ಬಿಳಿ ಪೇದೆ ಡಿ5 ಹೊಡೆಯಿತು.

ಕಪ್ಪಿನ ಹುಡುಗ ತಟ್ಟನೆ ಎಫ್6 ಕುದುರೆ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮುಟ್ಟಿದ ಕಾಯಿ ನಡೆಸಲೇಬೇಕು, ಅಲ್ವಾ? ಡಿ5 ಪೇದೆ ಹೊಡೆದ.

6. ಕುದುರೆ ಎಫ್7 ಹೊಡೆಯಿತು. ರಾಣಿ, ಆನೆ ಎರಡಕ್ಕೂ ಏಟು. ರಾಜ ಅದನ್ನು ತಿಂದ. 7. ರಾಣಿ ಎಫ್3, ಚೆಕ್. ರಾಜ ಜಿ8ಕ್ಕೆ ಓಡಿದರೆ ಒಂಟೆ ಡಿ5 ಹೊಡೆದು ಚೆಕ್. ಮಧ್ಯೆ ಏನು ಅಡ್ಡ ಇಟ್ಟರೂ ಮೇಟ್. ಇ8ಕ್ಕೆ ಹೋದರೆ ಕುದುರೆ ಸುಮ್ನೆ ಹೋಗುತ್ತದೆ. ಕುದುರೆ ಉಳಿಸಬೇಕೆಂದರೆ ರಾಜ ಇ6ಕ್ಕೇ ಬರಬೇಕು. ಬಂದ.

8. ಕುದುರೆ ಸಿ3. ಈಗ ಡಿ5 ಕುದುರೆ ಮೇಲೆ ಮೂರು ಕಾಯಿಗಳ ಕಣ್ಣು, ಜೊತೆಗೆ ಅದು ಪಿನ್ ಆಗಿದೆ: ಸರಿದರೆ ಒಂಟೆಯಿಂದ ರಾಜನಿಗೆ ಚೆಕ್, ಹಾಗಾಗಿ ಅಲ್ಲಾಡುವಂತಿಲ್ಲ. ಕಪ್ಪು ಸಿ6 ಕುದುರೆಯನ್ನು ಬಿ4ಕ್ಕೆ ತಂದಿತು. 9. ಎ3, ಕುದುರೆ ಸಿ2 ಹೊಡೆದು ಚೆಕ್ 10. ರಾಜ ಡಿ1, ಕುದುರೆ ಎ1 ಆನೆ ತಿಂದಿತು 11. ಕುದುರೆ ಡಿ5 ಹೊಡೆಯಿತು.

ಆನೆ ಹೋಯಿತೆಂದು ಬಿಳಿಗೆ ಚಿಂತೆಯೇ ಇಲ್ಲ. ಎ1 ಮೂಲೆಗೆ ಸಿಕ್ಕಿಬಿದ್ದ ಕಪ್ಪು ಕುದುರೆ ಇನ್ನು ಲೆಕ್ಕಕ್ಕಿಲ್ಲ. ಬಿಳಿ ಕುದುರೆ ಸಿ7 ಹೊಡೆದರೆ ಒಂದೇ ಏಟಿಗೆ ಡಬಲ್ ಚೆಕ್, ಕುದುರೆಯಿಂದಲೂ ಒಂಟೆಯಿಂದಲೂ. ರಾಜ ಡಿ6ಕ್ಕೆ ಬಂದ, ಬಿಳಿ 12. ಡಿ4 ಆಡಿತು. ಆಮೇಲೆ ಆಟ ಜಾಸ್ತಿ ಹೊತ್ತು ನಡೆಯಲಿಲ್ಲ.

ಸುತ್ತ ನಿಂತವರು ಆನೆ ತಿಂದದ್ದೇ ತಪ್ಪು ಅಂದರು. ನನಗೆ ಹಾಗನ್ನಿಸಲ್ಲ. ಆಟ ಕೆಟ್ಟದ್ದು ಐದನೇ ನಡೆಯಲ್ಲೇ. ಇಟಲಿಯ ಆಟಗಾರ ಪೊಲೇರಿಯೊ ಸುಮಾರು 1610ರಲ್ಲೇ ಇದೇ ದಾಳಿ ಆಡಿದ್ದ. ಅಷ್ಟು ಹಳೆಯ ಬಲೆ ಇದು.

ಅಲ್ಲಿ ಆಡಬೇಕಾದದ್ದು 5... ಸಿ6 ಕುದುರೆ ಎ5 (ಮೂರು ಚುಕ್ಕಿ ಎಂದರೆ ಕಪ್ಪಿನ ನಡೆ). ನೇರ ಒಂಟೆಗೇ ಏಟು. 6. ಒಂಟೆ ಬಿ5 ಚೆಕ್, ಸಿ6. 7. ಬಿಳಿ ಪೇದೆ ಸಿ6 ಹೊಡೆದರೆ ಬಿ7 ಪೇದೆಯಿಂದ ವಾಪಸ್ ಹೊಡೆಯಿರಿ. ಕಪ್ಪಿಗೆ ಒಂದು ಪೇದೆ ಕಡಿಮೆ, ನಿಜ. ಆದರೆ ಒಂಟೆ ಇ2ಕ್ಕೆ ಸರಿದರೆ ಎಚ್6, ಕುದುರೆ ಎಫ್3ಕ್ಕೆ ಸರಿದರೆ ಇ4. ಬಿಳಿ ಕಾಯಿಗಳು ಓಡುತ್ತಲೇ ಇರುತ್ತವೆ, ನಿಮ್ಮವು ಹೊರಗೆ ಬರುತ್ತವೆ.

ಈ ತಲೆನೋವೇ ಬೇಡ ಅಂದರೆ ಮೂರನೇ ನಡೆಗೆ ಒಂಟೆ ಸಿ5 ಆಡಿ. ಆಗ ಜಿ5ಕ್ಕೆ ಬಂದ ಕುದುರೆಯನ್ನು ರಾಣಿ ತಿನ್ನುತ್ತದೆ. ಇನ್ನು ಜೆಕ್ ಆಟಗಾರ ಟ್ರಾಕ್ಸ್‌ಲರ್ 1890ರಲ್ಲಿ ಆಡಿದ 4... ಒಂಟೆ ಸಿ5 ಇದೆ. ಎಫ್7 ಬಿಟ್ಟುಕೊಟ್ಟು ಬಿಳಿ ರಾಜನ ಮೇಲೇ ನುಗ್ಗುವುದು. ಮಜಾ ಬರುತ್ತದೆ, ಆದರೆ ಬಾಯಿಪಾಠ ಇಲ್ಲದೆ ಟೂರ್ನಿಯಲ್ಲಿ ಮುಟ್ಟಬೇಡಿ.