ಟಿಎಚ್‌ಕ್ಯೂ: ಬೇರೆಯವರ ಹೆಸರಿನ ಮೇಲೆ ನಿಂತ ಗೈಡೆನ್ಸ್

ಗೇಮ್ ಕಂಪನಿಯ ಫಲಿತಾಂಶ ಬಂದಾಗ ಷೇರುದಾರರು ಮೊದಲು ಹುಡುಕುವುದು ಗೈಡೆನ್ಸ್. ಮುಂದಿನ ತ್ರೈಮಾಸಿಕದಲ್ಲಿ ಇಷ್ಟು ಮಾರಾಟ, ಇಷ್ಟು ಲಾಭ ಆಗಬಹುದು ಅಂತ ಕಂಪನಿಯೇ ಕೊಡುವ ಅಂದಾಜು ಅದು. ಆ ಅಂಕಿ ಯಾರ ಆಟಗಳನ್ನು ನಂಬಿಕೊಂಡಿದೆ ಅಂತಲೂ ಕೇಳಬೇಕು. ವಿಡಿಯೋ ಗೇಮ್ ಹೊರತರುತ್ತಿದ್ದ ಅಮೆರಿಕದ ಟಿಎಚ್‌ಕ್ಯೂ ಇದಕ್ಕೆ ಒಳ್ಳೆ ಪಾಠ.

2000ದ ದಶಕದಲ್ಲಿ ಈ ಕಂಪನಿಯನ್ನು ಸಾಕಿದ್ದು ಲೈಸೆನ್ಸ್ ಆಟಗಳು, ಅಂದರೆ ಬೇರೆಯವರ ಹೆಸರು, ಪಾತ್ರಗಳನ್ನು ಅನುಮತಿ ಪಡೆದು ಬಳಸುವ ಆಟಗಳು. ಡಬ್ಲ್ಯೂಡಬ್ಲ್ಯೂಇ ಕುಸ್ತಿ, ನಿಕಲೋಡಿಯನ್‌ನ ಸ್ಪಾಂಜ್‌ಬಾಬ್, ಪಿಕ್ಸಾರ್‌ನ ಫೈಂಡಿಂಗ್ ನೀಮೋ, ಕಾರ್ಸ್. ಪಾತ್ರಗಳು ಮಕ್ಕಳಿಗೆ ಮೊದಲೇ ಗೊತ್ತು. ಪ್ರಚಾರದ ಅರ್ಧ ಭಾರ ಸಿನಿಮಾದವರೇ ಹೊರುತ್ತಾರೆ. ಆರಾಮದ ವ್ಯಾಪಾರ ಅಲ್ವಾ?

ಅಲ್ಲ. ಲೈಸೆನ್ಸ್ ಸುಮ್ನೆ ಸಿಗುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ ಗ್ಯಾರಂಟಿ ಮೊತ್ತ ಒಪ್ಪಿಕೊಳ್ಳಬೇಕು. ಆಟ ಮಾರಾಟವಾದಂತೆ ರಾಯಲ್ಟಿ (ಮಾರಾಟದಲ್ಲಿ ಹೆಸರಿನ ಮಾಲೀಕರ ಪಾಲು) ಅದರಲ್ಲಿ ವಜಾ ಆಗುತ್ತಾ ಹೋಗುತ್ತದೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಗ್ಯಾರಂಟಿ 10 ಕೋಟಿ, ರಾಯಲ್ಟಿ 10%. ಗ್ಯಾರಂಟಿ ತೀರಲು 100 ಕೋಟಿಯ ಮಾರಾಟ ಬೇಕು. 60 ಕೋಟಿಗೇ ನಿಂತರೆ ರಾಯಲ್ಟಿ ಲೆಕ್ಕ 6 ಕೋಟಿ. ಉಳಿದ 4 ಕೋಟಿ ನೇರ ನಷ್ಟದ ಖಾತೆಗೆ. ಆಟ ತಯಾರಿಸಿದ ಖರ್ಚು ಬೇರೆ! ಚೆನ್ನಾಗಿ ಓಡಿದರೂ ಪ್ರತಿ ಪ್ರತಿಯಲ್ಲೂ ಹೆಸರಿನ ಮಾಲೀಕರ ಪಾಲು ಹೋಗುತ್ತಲೇ ಇರುತ್ತದೆ.

ಇನ್ನೊಂದು ತೊಂದರೆ, ಒಪ್ಪಂದ ಮುಗಿದ ಮೇಲೆ ಮಾಲೀಕರು ಕೈಬಿಡಬಹುದು. 2009ರಲ್ಲಿ ಪಿಕ್ಸಾರ್‌ನ 'ಅಪ್' ಆಟ ತಂದದ್ದು ಟಿಎಚ್‌ಕ್ಯೂ. ಮರುವರ್ಷ 'ಟಾಯ್ ಸ್ಟೋರಿ 3' ಆಟವನ್ನು ಪಿಕ್ಸಾರ್‌ನ ಮಾಲೀಕ ಡಿಸ್ನಿ ತಾನೇ ಹೊರತಂದಿತು.

ಆ ಹೊತ್ತಿಗೆ ಆಸರೆಯಾಗಿ ಕಂಡದ್ದು ಯುಡ್ರಾ, ಟಿವಿ ಪರದೆ ಮೇಲೆ ಚಿತ್ರ ಬಿಡಿಸುವ ಹಲಗೆ. 2010ರಲ್ಲಿ ನಿಂಟೆಂಡೊದ ವೀ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರ) ಬಂದಾಗ ಚೆನ್ನಾಗಿ ಹೋಯಿತು. ಅದೇ ಧೈರ್ಯದಲ್ಲಿ 2011ರ ಕ್ರಿಸ್‌ಮಸ್‌ಗೆ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3ಕ್ಕೂ ಲಕ್ಷಗಟ್ಟಲೆ ತಯಾರಿಸಿದರು. ಆ ಕನ್ಸೋಲ್‌ಗಳಲ್ಲಿ ಆಡುವವರು ದೊಡ್ಡ ಹುಡುಗರೇ ಜಾಸ್ತಿ. ಅವರಿಗೆ ಇದು ಯಾಕೆ ಬೇಕು? ಸುಮಾರು 14 ಲಕ್ಷ ಹಲಗೆಗಳು ಮಾರಾಟವಾಗದೆ ಉಳಿದವು. ಆದಾಯದಲ್ಲಿ ಸುಮಾರು 10 ಕೋಟಿ ಡಾಲರ್ ಖೋತಾ. ಅಕ್ಟೋಬರ್–ಡಿಸೆಂಬರ್ ಗೇಮ್ ವ್ಯಾಪಾರದ ಸುಗ್ಗಿ. ಆ ಮೂರು ತಿಂಗಳು ಕೈಕೊಟ್ಟರೆ ಇಡೀ ವರ್ಷದ ಅಂದಾಜೇ ಉರುಳುತ್ತದೆ. ಉರುಳಿತು ಕೂಡ.

2012ರ ಆರಂಭದಲ್ಲಿ ಮಕ್ಕಳ ಲೈಸೆನ್ಸ್ ಆಟಗಳಿಂದ ಹೊರಬರುತ್ತೇವೆ ಅಂದರು. ನಿರ್ಧಾರ ಸರಿಯೇ, ಆದರೆ ಸ್ವಂತ ಆಟ ಬೆಳೆಸಲು ವರ್ಷಗಟ್ಟಲೆ ಬೇಕು, ದುಡ್ಡೂ ಬೇಕು. ಎರಡೂ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 19ರಂದು ದಿವಾಳಿ ಅರ್ಜಿ ಹಾಕಿದರು.

2013ರ ಜನವರಿಯಲ್ಲಿ ನಡೆದ ಟಿಎಚ್‌ಕ್ಯೂ ಆಸ್ತಿ ಹರಾಜಿನ ಪಟ್ಟಿಯನ್ನು ಬ್ಯಾಲೆನ್ಸ್ ಶೀಟ್‌ಗಿಂತ ಗಮನವಿಟ್ಟು ಓದಿ. 'ಕಂಪನಿ ಆಫ್ ಹೀರೋಸ್' ಮಾಡಿದ ರೆಲಿಕ್ ಸ್ಟುಡಿಯೋಗೆ ಸೆಗಾ 2.66 ಕೋಟಿ ಡಾಲರ್ ಕೊಟ್ಟಿತು. 'ಸೇಂಟ್ಸ್ ರೋ' ಮತ್ತು ಅದರ ಸ್ಟುಡಿಯೋ ವೊಲಿಷನ್‌ಗೆ ಕೋಚ್ ಮೀಡಿಯಾ 2.23 ಕೋಟಿ. ಎರಡೂ ಟಿಎಚ್‌ಕ್ಯೂ ಸ್ವಂತದವು. ಹತ್ತು ವರ್ಷಕ್ಕೂ ಹೆಚ್ಚು ದುಡಿದರೂ ಹೆಸರು ತನ್ನದಲ್ಲದ ಕುಸ್ತಿ ಆಟ ಮಾತ್ರ ಇನ್ನೊಂದು ಗೇಮ್ ಕಂಪನಿ ಟೇಕ್-ಟೂ ಪಾಲಾಗಿ, ಅದೇ ವರ್ಷ 'ಡಬ್ಲ್ಯೂಡಬ್ಲ್ಯೂಇ 2ಕೆ14' ಅಂತ ಅಂಗಡಿಗೆ ಬಂತು.