ಕಾಡಿನ ಪಡೆ ಪೇಟೆಗೆ ಇಳಿದದ್ದು

ಮಂಗಳೂರಿನಲ್ಲಿ ಎಸ್‌ಎಎಫ್, ಅಂದರೆ ವಿಶೇಷ ಕಾರ್ಯಪಡೆಯ ವಾಹನ ಕಂಡರೆ 'ಇದು ಎಎನ್‌ಎಫ್ ಅಲ್ವಾ?' ಎಂದು ಕೇಳುವವರಿದ್ದಾರೆ. ಗೊಂದಲ ಆಗುವುದು ಸಹಜ. ನಕ್ಸಲರ ಬೆನ್ನು ಹತ್ತಿದ ಎಎನ್‌ಎಫ್‌ನ ಹೊಟ್ಟೆಯಿಂದಲೇ ಎಸ್‌ಎಎಫ್ ಹುಟ್ಟಿದೆ.

ವಿಶೇಷ ಪೊಲೀಸ್ ಪಡೆಗಳು ಹೆಚ್ಚಾಗಿ ಪೆಟ್ಟು ಬಿದ್ದ ಮೇಲೆ ಕಟ್ಟಿದವು. 1972ರ ಮ್ಯೂನಿಕ್ ಒಲಿಂಪಿಕ್ಸ್ ದಾಳಿಯ ಬಳಿಕ ಜರ್ಮನಿಯ ಜಿಎಸ್‌ಜಿ 9, 1984ರಲ್ಲಿ ನಮ್ಮ ಎನ್‌ಎಸ್‌ಜಿ, 1989ರಲ್ಲಿ ಆಂಧ್ರದ ಗ್ರೇಹೌಂಡ್ಸ್, ವೀರಪ್ಪನ್ ಬೆನ್ನು ಹತ್ತಲು ಎಸ್‌ಟಿಎಫ್, ಮುಂಬೈ ದಾಳಿಯ ನಂತರ ಬೆಂಗಳೂರಿನ ಗರುಡ.

ಕರಾವಳಿಯ ಕಥೆ ಶುರುವಾಗುವುದು 2003ರ ನವೆಂಬರ್‌ನಲ್ಲಿ. ಕಾರ್ಕಳದ ಈದುವಿನಲ್ಲಿ ಎನ್‌ಕೌಂಟರ್ ನಡೆದು ಇಬ್ಬರು ಯುವತಿಯರು ಸತ್ತರು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹತರಾದರು. ನಾಲ್ಕೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಕ್ಯಾಂಪ್ ಮೇಲೆ ದಾಳಿಯಾಯಿತು. ಆ ಹೊತ್ತಿನಲ್ಲೇ ನಕ್ಸಲ್ ನಿಗ್ರಹ ಪಡೆ, ಅಂದರೆ ಎಎನ್‌ಎಫ್, ರೂಪುಗೊಂಡಿತು. ಕಾರ್ಕಳ ಅದರ ಕೇಂದ್ರವಾಯಿತು.

ಆ ಪಡೆಯವರ ಕೆಲಸದಲ್ಲಿ ಗುಂಡಿನ ಸದ್ದಿಗಿಂತ ನಡಿಗೆಯೇ ಜಾಸ್ತಿ. ಬಿಡದೆ ಸುರಿಯುವ ಮಳೆ, ಕಾಲಿಗೆ ಉಂಬಳ, ದಿನಗಟ್ಟಲೆ ಕೂಂಬಿಂಗ್. ಪಶ್ಚಿಮ ಘಟ್ಟದ ಬುಡದಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡಕ್ಕೊಂದು ಮನೆ, ಪಕ್ಕದಲ್ಲೊಂದು ತುಂಡು ಅಡಿಕೆ ತೋಟ. ರಾತ್ರಿ ಬಂದವರು ಅಕ್ಕಿ ಕೇಳುತ್ತಿದ್ದರು. ಬೆಳಿಗ್ಗೆ ಬಂದವರು 'ರಾತ್ರಿ ಯಾರು ಬಂದಿದ್ರು?' ಎಂದು ಕೇಳುತ್ತಿದ್ದರು. ಇಬ್ಬರ ಕೈಯಲ್ಲೂ ಬಂದೂಕು. ನಡುವೆ ಸಿಕ್ಕಿದ ಮಲೆಕುಡಿಯ ಬುಡಕಟ್ಟಿನ ಮನೆಯವರಿಗೆ ಮಾತಾಡಿದರೂ ಭಯ, ಸುಮ್ಮನಿದ್ದರೂ ಭಯ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಮನೆ ಬಿಡಬೇಕಾದೀತು ಎಂಬ ಆತಂಕ ಬೇರೆ. ನಕ್ಸಲರಿಗೆ ಕಾಲೂರಲು ಜಾಗ ಸಿಕ್ಕಿದ್ದೇ ಆ ಆತಂಕದಲ್ಲಿ. ರಸ್ತೆ, ಕರೆಂಟು, ಹಕ್ಕುಪತ್ರ ಕೊಡುವುದು ಪಡೆಯ ಕೈಯಲ್ಲಿರಲಿಲ್ಲ. ಆದರೂ ಊರವರ ಸಿಟ್ಟನ್ನು ಎದುರಿಸಿದ್ದು ಬಾಗಿಲಿಗೆ ಹೋಗಿ ನಿಂತ ಆ ಪೊಲೀಸರೇ.

2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದರು. ಅವರೂ ಅದೇ ತಾಲ್ಲೂಕಿನವರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದರು. ಅವರನ್ನು ಕಾಡಿನಿಂದ ಹೊರಗೆ ತಂದದ್ದು ಮಾತುಕತೆ. ಇದನ್ನು ಮರೆಯಬಾರದು.

ಅಷ್ಟರಲ್ಲಿ ಕೆಳಗೆ ಕರಾವಳಿಯಲ್ಲಿ ಬೇರೆ ಬೆಂಕಿ, ಕೋಮು ದ್ವೇಷದ ಬೆಂಕಿ, ಹೊತ್ತಿಕೊಂಡಿತು. ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಮಂಗಳೂರಿನ ಸುತ್ತಮುತ್ತ ಮೂವರ ಕೊಲೆಯಾಯಿತು. ಕುಡುಪು, ಬಜ್ಪೆ, ಬಂಟ್ವಾಳ ಎಂಬ ಹೆಸರು ಕೇಳಿದರೇ ಅಮ್ಮಂದಿರು ಮಕ್ಕಳಿಗೆ ಫೋನ್ ಮಾಡುವ ದಿನಗಳವು. ಸರ್ಕಾರ ಎಎನ್‌ಎಫ್‌ನ 656 ಹುದ್ದೆಗಳಲ್ಲಿ 248ನ್ನು ಬೇರ್ಪಡಿಸಿ ವಿಶೇಷ ಕಾರ್ಯಪಡೆ ಕಟ್ಟಿತು. ಜೂನ್ 13ರಂದು ಮಂಗಳೂರಿನಲ್ಲಿ ಅದರ ಉದ್ಘಾಟನೆಯಾಯಿತು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಅದರ ವ್ಯಾಪ್ತಿ.

ಕೋಮು ಗಲಭೆಯ ಸುಳಿವು ಹಿಡಿಯುವುದು, ದ್ವೇಷ ಭಾಷಣದ ಮೇಲೆ ಕಣ್ಣಿಡುವುದು ಇದರ ಕೆಲಸ. ಕಾಡಿನಲ್ಲಿ ಹೆಜ್ಜೆ ಗುರುತು ಹುಡುಕಿದವರು ಈಗ ಮೊಬೈಲ್ ಸಂದೇಶದ ಜಾಡು ಹಿಡಿಯಬೇಕು. ಮೀನು ಮಾರ್ಕೆಟ್‌ನಲ್ಲಿ, ರಿಕ್ಷಾ ಪಾರ್ಕಿನಲ್ಲಿ ತುಳು, ಬ್ಯಾರಿ ಮಾತು ಕಿವಿಗೆ ಬಿದ್ದರೆ ಅರ್ಥವಾಗಬೇಕು. ಆ ಕಿವಿ ಇರುವುದು ಹೆಚ್ಚಾಗಿ ಠಾಣೆಯ ಬೀಟ್ ಪೊಲೀಸರಿಗೆ. ವರ್ಷಗಟ್ಟಲೆ ಅದೇ ಬೀದಿಯಲ್ಲಿ ನಡೆದವರು ಅವರು. ಹೊಸ ಪಡೆಯವರು ಮೊದಲು ಹೋಗಿ ಕೂರಬೇಕಾದದ್ದು ಅವರ ಬೆಂಚಿನಲ್ಲೇ.