ರಾಜೀನಾಮೆ ಎಂಬ ಹಿಂಬಾಗಿಲು

ಶಾಸಕರು ಬಸ್ಸು ಹತ್ತಿ ರೆಸಾರ್ಟ್‌ಗೆ ಹೋದರು ಅಂದರೆ ನಮಗೀಗ ಅಚ್ಚರಿ ಆಗುವುದೇ ಇಲ್ಲ. ಆದರೆ ‘ಪಕ್ಷಾಂತರ ನಿಷೇಧ ಕಾಯ್ದೆ ಅಂತ ಒಂದಿದೆ ಅಲ್ವಾ, ಅದೇನು ಮಾಡ್ತಿದೆ?’ ಎಂದು ಯಾರಾದರೂ ಕೇಳಿದರೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

1967ರಲ್ಲಿ ಹರಿಯಾಣದ ಶಾಸಕ ಗಯಾಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ‘ಆಯಾರಾಂ ಗಯಾರಾಂ’ ಎಂಬ ಮಾತು ಹುಟ್ಟಿದ್ದು ಹಾಗೆ. ಕಾಯ್ದೆ ಬಂದದ್ದು 1985ರಲ್ಲಿ. ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ ಎಂದಾಯಿತು. ಆದರೆ ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೊರಟರೆ ಅದು ‘ಒಡಕು’, ಶಿಕ್ಷೆ ಇಲ್ಲ. ಒಬ್ಬ ಹೋದರೆ ತಪ್ಪು, ಗುಂಪು ಕಟ್ಟಿಕೊಂಡು ಹೋದರೆ ಸರಿ! 2003ರಲ್ಲಿ ಆ ಬಾಗಿಲು ಮುಚ್ಚಿದರು. ಅನರ್ಹನಾದವನು ಮತ್ತೆ ಗೆಲ್ಲುವ ತನಕ ಮಂತ್ರಿಯಾಗುವ ಹಾಗಿಲ್ಲ ಎಂದೂ ಸೇರಿಸಿದರು.

ಉಳಿದದ್ದು ಹಿಂಬಾಗಿಲು. ಅದು ಚೆನ್ನಾಗಿ ಕಂಡದ್ದು ನಮ್ಮ ಕರ್ನಾಟಕದಲ್ಲೇ. 2008ರಲ್ಲಿ ಬಿಜೆಪಿಗೆ ಸಿಕ್ಕಿದ್ದು 224ರಲ್ಲಿ 110. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಕೈ ಹಿಡಿದು ಸರ್ಕಾರ ಬಂತು. ಆಮೇಲೆ ಎದುರು ಪಕ್ಷದ ಕೆಲವು ಶಾಸಕರು ರಾಜೀನಾಮೆ ಕೊಟ್ಟು, ಆಡಳಿತ ಪಕ್ಷ ಸೇರಿ, ಅದೇ ಕ್ಷೇತ್ರದ ಉಪಚುನಾವಣೆಗೆ ನಿಂತರು. ಇದಕ್ಕೆ ‘ಆಪರೇಷನ್ ಕಮಲ’ ಎಂಬ ಹೆಸರು ಬಿತ್ತು. ವಿಪ್ ಮೀರಿಲ್ಲ, ಸ್ಥಾನವನ್ನೇ ಬಿಟ್ಟಿದ್ದಾರೆ. ಕಾಯ್ದೆ ಯಾರನ್ನು ಹಿಡಿಯಬೇಕು?

ಹಿಡಿಯುವವರು ಯಾರು ಎಂಬುದೂ ಗೋಜಲೇ. ತೀರ್ಪು ಕೊಡುವುದು ಸ್ಪೀಕರ್. ಅವರೂ ಒಂದು ಪಕ್ಷದ ಟಿಕೆಟ್‌ನಲ್ಲೇ ಗೆದ್ದು ಬಂದವರು. 2010ರಲ್ಲಿ ವಿಶ್ವಾಸಮತಕ್ಕೆ ಮುಂಚೆ, ಬಿಜೆಪಿ ಸರ್ಕಾರದ ವಿರುದ್ಧ ತಿರುಗಿದ್ದ 16 ಶಾಸಕರು ಅನರ್ಹರಾದರು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಅಷ್ಟರಲ್ಲಿ ಸರ್ಕಾರ ಉಳಿದು ಏಳು ತಿಂಗಳಾಗಿತ್ತು.

2019ರ ಲೆಕ್ಕವಂತೂ ಶಾಲೆಯ ಹುಡುಗರಿಗೂ ಅರ್ಥವಾಗುವಷ್ಟು ಸರಳ. ತುಂಬಿದ ಸದನದಲ್ಲಿ ಬಹುಮತಕ್ಕೆ 113 ಬೇಕು. ಬಿಜೆಪಿ ಬಳಿ ಇದ್ದದ್ದು 105. ಅತ್ತ ಎಂಟು ಜನರನ್ನು ಹೊಂದಿಸುವ ಬದಲು ಸದನವನ್ನೇ ಸಣ್ಣದು ಮಾಡಿದರೆ? 224ರಲ್ಲಿ 17 ಕಳೆದರೆ 207, ಬಹುಮತ 104. ಕಾಂಗ್ರೆಸ್ ಮತ್ತು ಜೆಡಿಎಸ್‌ನ ಅತೃಪ್ತರು ರಾಜೀನಾಮೆ ಪತ್ರ ಕೊಟ್ಟು ಮುಂಬೈ ಹೋಟೆಲ್ ಸೇರಿದರು. ಇತ್ತ ಸದನದಲ್ಲಿ ದಿನಗಟ್ಟಲೆ ಭಾಷಣ. ಜುಲೈ 23ರಂದು 99–105ರಲ್ಲಿ ಆ ಎರಡು ಪಕ್ಷಗಳ ಮೈತ್ರಿ ಸರ್ಕಾರ ಬಿತ್ತು.

ರಾಜೀನಾಮೆ ಒಪ್ಪದ ಸ್ಪೀಕರ್ ಆ 17 ಮಂದಿಯನ್ನು ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವ ತನಕ ನಿಲ್ಲುವಂತಿಲ್ಲ ಎಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು.

ಡಿಸೆಂಬರ್ 5ರಂದು 15 ಕ್ಷೇತ್ರಗಳ ಜನ ಒಂದೂವರೆ ವರ್ಷಕ್ಕೇ ಮತ್ತೆ ಸಾಲಿನಲ್ಲಿ ನಿಂತರು. ಅನರ್ಹರಲ್ಲಿ 13 ಮಂದಿ ಹೊಸ ಚಿಹ್ನೆ ಹಿಡಿದು ಬಂದಿದ್ದರು, 11 ಮಂದಿ ಗೆದ್ದರು. ಎರಡು ತಿಂಗಳ ನಂತರ ಅವರಲ್ಲಿ 10 ಜನ ಮಂತ್ರಿಗಳಾದರು.